ಕಾವಲು ನಾಯಿಗೆ ಕಾವಲು ಯಾರು?

ಬೆಳಗಿನ ಆರು ಗಂಟೆ. ಗೋವಿಂದರಾಜನಗರದ ಅಡ್ಡರಸ್ತೆಗಳಲ್ಲಿ ಆಗಲೇ ಓಡಾಟ ಶುರುವಾಗಿರುತ್ತದೆ. ನಂದಿನಿ ಬೂತಿನ ಮುಂದೆ ಹಾಲಿಗೆ ನಿಂತವರು, ಪೇಪರ್ ಹಾಕುವ ಹುಡುಗರು, ಗೇಟಿನ ಮುಂದೆ ನೀರು ಚಿಮುಕಿಸಿ ರಂಗೋಲಿ ಇಡುವವರು. ಇವರೆಲ್ಲರ ನಡುವೆ ಇನ್ನೊಂದು ವರ್ಗವೂ ತನ್ನ ದಿನಚರಿ ಆರಂಭಿಸುತ್ತದೆ. ನಿಂತ ಕಾರಿನ ಅಡಿಯಿಂದ ಮೈಮುರಿಯುತ್ತ ಎದ್ದುಬರುವ ಬೀದಿನಾಯಿ. ಸರಪಳಿ ಹಿಡಿದ ಯಜಮಾನರನ್ನೇ ಎಳೆದುಕೊಂಡು ವಾಕಿಂಗ್ ಹೊರಟ ಲ್ಯಾಬ್ರಡಾರ್. ಮೊದಲ ಮಹಡಿಯ ಗ್ರಿಲ್ಲಿನಿಂದ ಮೂತಿ ಹೊರಹಾಕಿ ಕಂಡಕಂಡವರಿಗೆಲ್ಲ ಬೊಗಳುವ ಪೊಮೆರೇನಿಯನ್.

ಮನೆಯನ್ನು ನಾಯಿ ಕಾಯುತ್ತದೆ, ಸರಿ. ಆದರೆ ನಾಯಿಯನ್ನು ಕಾಯುವವರು ಯಾರು? ಚರಂಡಿಯ ನೀರು ಕುಡಿದು, ಕಸದ ರಾಶಿ ಕೆದಕಿ, ಉಣುಗು ಕಚ್ಚಿಸಿಕೊಂಡು, ಇನ್ನೊಂದು ನಾಯಿಯೊಡನೆ ಕಚ್ಚಾಡಿ ಬಂದರೂ ಆ ಪ್ರಾಣಿ ಮರುದಿನ ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಿರುತ್ತದೆ. ಈ ಗಟ್ಟಿತನದ ಗುಟ್ಟು ಅದರ ರಕ್ತದಲ್ಲಿ ಹಗಲಿರುಳೂ ಗಸ್ತು ತಿರುಗುವ ಬಿಳಿ ರಕ್ತಕಣಗಳಲ್ಲಿದೆ. ಆ ಪಡೆಯಲ್ಲಿ ಯಾರು ಯಾರಿದ್ದಾರೆ, ಎಷ್ಟೆಷ್ಟಿದ್ದಾರೆ ಎಂದು ಲೆಕ್ಕ ಹಾಕುವ ವಿದ್ಯೆ ಈಗ ಪಶುವೈದ್ಯಕೀಯದಲ್ಲಿ ಮುಖ್ಯ ಸ್ಥಾನ ಪಡೆದಿದೆ. ರೋಗಿ ನಾಯಿಗಿಂತ ಮೊದಲು ಆರೋಗ್ಯವಂತ ನಾಯಿಯ ಲೆಕ್ಕ ಸಿಗಬೇಕು ಎನ್ನುವುದೇ ಈ ವಿದ್ಯೆಯ ಮೊದಲ ಪಾಠ.

ಐದು ಬಗೆಯ ಪಹರೆ

ಇಪ್ಪತ್ತು ಕಿಲೋ ತೂಕದ ಒಂದು ನಾಯಿಯನ್ನು ತೆಗೆದುಕೊಳ್ಳಿ. ಅದರ ಮೈಯಲ್ಲಿ ಸುಮಾರು ಒಂದೂಮುಕ್ಕಾಲು ಲೀಟರ್ ರಕ್ತ ಇರುತ್ತದೆ. ಈ ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ, ಅಂದರೆ ಸಾಸಿವೆ ಕಾಳಿನಷ್ಟೂ ಇಲ್ಲದ ಬಿಂದುವಿನಲ್ಲಿ, 6,000ದಿಂದ 17,000 ಬಿಳಿ ಕಣಗಳಿರುತ್ತವೆ. ಮನುಷ್ಯರಲ್ಲಿ ಇದು ಸಾಮಾನ್ಯವಾಗಿ 4,000ದಿಂದ 11,000.

ಇವುಗಳಲ್ಲಿ ಐದು ಜಾತಿ. ಅತಿ ಹೆಚ್ಚಿರುವುದು ನ್ಯೂಟ್ರೊಫಿಲ್. ಬ್ಯಾಕ್ಟೀರಿಯಾ ಕಂಡೊಡನೆ ನುಗ್ಗಿ ನುಂಗುವ ಇವು ಮೊದಲ ಸಾಲಿನ ಕಾಲಾಳುಗಳು. ರಕ್ತದಲ್ಲಿ ಇವುಗಳ ಸಂಚಾರ ಕೆಲವೇ ಗಂಟೆಗಳದ್ದು. ಎರಡನೆಯದು ಲಿಂಫೊಸೈಟ್, ಹಿಂದೆ ಬಂದ ಶತ್ರುವಿನ ಮುಖವನ್ನು ನೆನಪಿಟ್ಟುಕೊಳ್ಳುವ ಜಾಣರು. ಮೊನೊಸೈಟ್‌ಗಳು ಕಸ ಬಳಿಯುವ ದೊಡ್ಡ ಕಣಗಳು. ಜಂತುಹುಳು, ಅಲರ್ಜಿ ಇವುಗಳಿಗೆ ಸ್ಪಂದಿಸುವುದು ಇಯೊಸಿನೊಫಿಲ್. ಕೊನೆಯದಾದ ಬೇಸೊಫಿಲ್ ಆರೋಗ್ಯವಂತ ನಾಯಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ.

ಈ ಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೊಫ್ ನಕ್ಷತ್ರಮೀನಿನ ಮರಿಯೊಂದಕ್ಕೆ ಮುಳ್ಳು ಚುಚ್ಚಿ, ಅದರ ಸುತ್ತ ಸಂಚಾರಿ ಕಣಗಳು ಮುತ್ತಿಕೊಂಡದ್ದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ರಕ್ತಕ್ಕೆ ಬಣ್ಣ ಹಾಕಿ, ಬಿಳಿ ಕಣಗಳನ್ನು ಬಗೆಬಗೆಯಾಗಿ ಗುರುತಿಸುವ ದಾರಿ ತೋರಿದರು. 1908ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಕೆಯಾಯಿತು. ಇಂದಿಗೂ ಬಡಾವಣೆಯ ಸಣ್ಣ ಕ್ಲಿನಿಕ್ಕಿನಲ್ಲಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ ನೋಡುವುದು ಎರ್ಲಿಕ್ ಹಾಕಿಕೊಟ್ಟ ದಾರಿಯೇ.

ಸಮವಸ್ತ್ರದ ಬಿಲ್ಲೆ

ಆದರೆ ಬಣ್ಣ ಹಾಕಿ ನೋಡುವುದಕ್ಕೆ ಒಂದು ಮಿತಿಯಿದೆ. ಲಿಂಫೊಸೈಟ್‌ಗಳೆಲ್ಲ ನೋಡಲು ಒಂದೇ ರೀತಿ. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ! ಯಾರು ಯಾವ ತರಗತಿ ಎಂದು ದೂರದಿಂದ ತಿಳಿಯದು. ವಾಸ್ತವದಲ್ಲಿ ಅವುಗಳಲ್ಲಿ ಪ್ರತಿಕಾಯ ತಯಾರಿಸುವ ಮನೆತನದ ಬಿ ಕಣಗಳಿವೆ. ಇತರರಿಗೆ ಆದೇಶ ಕೊಡುವ ಸಹಾಯಕ ಟಿ ಕಣಗಳಿವೆ. ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವ ಸಂಹಾರಕ ಟಿ ಕಣಗಳಿವೆ.

ಇವುಗಳನ್ನು ಬೇರ್ಪಡಿಸಿ ತೋರಿಸುವುದು ಕಣದ ಮೈಮೇಲಿನ ಪ್ರೋಟೀನುಗಳು. ಇವನ್ನು ಸಮವಸ್ತ್ರದ ಬಿಲ್ಲೆಗಳೆಂದು ತಿಳಿಯಬಹುದು. 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ತಜ್ಞರು ಈ ಬಿಲ್ಲೆಗಳಿಗೆ ‘ಸಿ.ಡಿ.’ ಎಂಬ ಹೆಸರಿನಡಿ ಸಂಖ್ಯೆ ಕೊಡುವ ಪದ್ಧತಿ ತಂದರು. ಸಿ.ಡಿ.3 ಇದ್ದರೆ ಟಿ ಕಣ. ಅದರ ಜೊತೆಗೆ ಸಿ.ಡಿ.4 ಇದ್ದರೆ ಸಹಾಯಕ, ಸಿ.ಡಿ.8 ಇದ್ದರೆ ಸಂಹಾರಕ. ನಾಯಿಯ ಬಿ ಕಣಗಳನ್ನು ಗುರುತಿಸಲು ಸಿ.ಡಿ.21, ಮೊನೊಸೈಟ್‌ಗಳಿಗೆ ಸಿ.ಡಿ.14 ಬಳಕೆಯಲ್ಲಿವೆ.

ಬಿಲ್ಲೆಯನ್ನು ಓದುವುದು ಹೇಗೆ? ಅದಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯ ಬೇಕು. 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೆಸಾರ್ ಮಿಲ್‌ಸ್ಟೈನ್ ಅಂಥ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. 1984ರಲ್ಲಿ ಅವರಿಗೂ ನೊಬೆಲ್ ಬಂತು. ಈ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಜೋಡಿಸಿ ರಕ್ತದೊಡನೆ ಬೆರೆಸಿದರೆ, ತಮ್ಮ ತಮ್ಮ ಬಿಲ್ಲೆಗೆ ಹೋಗಿ ಅಂಟಿಕೊಳ್ಳುತ್ತವೆ. ಬಳಿಕ ‘ಫ್ಲೋ ಸೈಟೊಮೀಟರ್’ ಎಂಬ ಯಂತ್ರ ಕಣಗಳನ್ನು ಒಂದರ ಹಿಂದೊಂದು ಸಾಲಾಗಿ ಹರಿಸಿ, ಪ್ರತಿಯೊಂದರ ಮೇಲೂ ಲೇಸರ್ ಕಿರಣ ಬೀರುತ್ತದೆ. ಯಾವ ಬಣ್ಣ ಹೊಳೆಯಿತು, ಎಷ್ಟು ಹೊಳೆಯಿತು ಎನ್ನುವುದನ್ನು ಸೆಕೆಂಡಿಗೆ ಸಾವಿರಾರು ಕಣಗಳಂತೆ ದಾಖಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಕೋಶಗಳ ಸಂಶೋಧನೆಗೆ ಇಂಥ ಯಂತ್ರಗಳು ಬಳಕೆಯಲ್ಲಿವೆ.

ನಾಯಿ ಪುಟ್ಟ ಮನುಷ್ಯನಲ್ಲ

ಮನುಷ್ಯರ ರಕ್ತಕ್ಕೆ ಬಳಸುವುದನ್ನೇ ನಾಯಿಗೂ ಬಳಸಿದರಾಯಿತಲ್ಲ ಎಂದು ಯಾರಿಗಾದರೂ ತೋಚಬಹುದು. ಇಲ್ಲಿಯೇ ಎಡವುವುದು. ಮನುಷ್ಯರ ಬಿಲ್ಲೆ ಓದುವ ಪ್ರತಿಕಾಯಗಳಲ್ಲಿ ಅನೇಕವು ನಾಯಿಯ ಬಿಲ್ಲೆಗೆ ಅಂಟುವುದೇ ಇಲ್ಲ. ನಾಯಿಗೆಂದೇ ತಯಾರಿಸಿದವು ಬೇಕು. ಅವುಗಳ ಪಟ್ಟಿ ಚಿಕ್ಕದು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಮನುಷ್ಯರಲ್ಲಿ ಸಿ.ಡಿ.4 ಎಂದೊಡನೆ ನೆನಪಿಗೆ ಬರುವುದು ಸಹಾಯಕ ಟಿ ಕಣ. ಏಡ್ಸ್ ರೋಗಿಗಳ ರಕ್ತಪರೀಕ್ಷೆಯಲ್ಲಿ ಎಣಿಸುವುದು ಇದನ್ನೇ. ನಾಯಿಯಲ್ಲಾದರೋ ಆ ಬಿಲ್ಲೆಯನ್ನು ನ್ಯೂಟ್ರೊಫಿಲ್‌ಗಳೂ ಧರಿಸಿರುತ್ತವೆ! ಇದನ್ನರಿಯದೆ ಸಿ.ಡಿ.4 ಇದ್ದುದನ್ನೆಲ್ಲ ಟಿ ಕಣವೆಂದು ಎಣಿಸಿದರೆ, ಕಾಲಾಳುಗಳನ್ನೂ ಅಧಿಕಾರಿಗಳ ಪಟ್ಟಿಗೆ ಸೇರಿಸಿದಂತಾಗುತ್ತದೆ. ಆದ್ದರಿಂದ ಕಣದ ಗಾತ್ರ, ಒಳಗಿನ ಹರಳುಗಳ ಪ್ರಮಾಣ, ಸಿ.ಡಿ.3 ಇದೆಯೇ ಇಲ್ಲವೇ ಎಲ್ಲವನ್ನೂ ಒಟ್ಟಿಗೆ ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಮರಿಗಳಲ್ಲಿ ಬಿ ಕಣಗಳ ಪಾಲು ಹೆಚ್ಚು. ಮುದಿ ನಾಯಿಗಳಲ್ಲಿ ಅದು ಇಳಿಯುತ್ತದೆ. ಸಹಾಯಕ ಮತ್ತು ಸಂಹಾರಕ ಕಣಗಳ ಅನುಪಾತವೂ ವಯಸ್ಸಾದಂತೆ ತಗ್ಗುತ್ತದೆ. ಎಂಟು ತಿಂಗಳ ಮರಿಯ ರಕ್ತವನ್ನು ಹನ್ನೆರಡು ವರ್ಷದ ಹಿರಿಯಣ್ಣನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

‘ನಾರ್ಮಲ್’ ಎಂದರೇನು?

ವರದಿಯ ಬಲಗಡೆಯ ಅಂಕಣದಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವ ಸಂಖ್ಯೆಗಳನ್ನು ಎಲ್ಲರೂ ನೋಡಿರುತ್ತಾರೆ. ಅವು ಎಲ್ಲಿಂದ ಬಂದವು? ಆರೋಗ್ಯವಾಗಿರುವ ಸಾಕಷ್ಟು ಪ್ರಾಣಿಗಳ ರಕ್ತ ಪರೀಕ್ಷಿಸಿ, ಮಧ್ಯದ ನೂರಕ್ಕೆ 95 ಭಾಗ ಬೀಳುವ ಎಲ್ಲೆಯನ್ನು ‘ನಾರ್ಮಲ್’ ಎನ್ನುತ್ತಾರೆ. ಇದಕ್ಕೆ ಕನಿಷ್ಠ 120 ಆರೋಗ್ಯವಂತ ಪ್ರಾಣಿಗಳಾದರೂ ಬೇಕೆಂಬುದು ಪಶುವೈದ್ಯ ಪ್ರಯೋಗಾಲಯ ತಜ್ಞರ ಸಲಹೆ.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೂರ್ಣ ಆರೋಗ್ಯವಾಗಿರುವ ನೂರು ನಾಯಿಗಳಲ್ಲಿ ಐದು ಆ ಎಲ್ಲೆಯ ಹೊರಗೆ ಬಿದ್ದೇ ಬೀಳುತ್ತವೆ. ಒಂದೇ ನಾಯಿಗೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದಿರಿ ಎನ್ನಿ. ಕನಿಷ್ಠ ಒಂದಾದರೂ ‘ಅಸಹಜ’ ಎಂದು ಬರುವ ಸಂಭವ ನೂರಕ್ಕೆ ಸುಮಾರು 64! ವರದಿಯಲ್ಲಿ ಒಂದು ನಕ್ಷತ್ರ ಚಿಹ್ನೆ ಕಂಡೊಡನೆ ಮನೆಮಂದಿ ಕಂಗಾಲಾಗಬೇಕಿಲ್ಲ ಎನ್ನುವುದಕ್ಕೆ ಇಷ್ಟು ಗಣಿತ ಸಾಕು.

‘ಆರೋಗ್ಯವಂತ ನಾಯಿ’ಯನ್ನು ಹುಡುಕುವುದೂ ಸುಲಭವಲ್ಲ. ಚುರುಕಾಗಿ ಓಡಾಡಿ, ತಟ್ಟೆ ಖಾಲಿ ಮಾಡಿದರಷ್ಟೇ ಸಾಲದು. ಜ್ವರವಿರಬಾರದು, ಲಸಿಕೆ ಸಕಾಲದಲ್ಲಿ ಆಗಿರಬೇಕು, ಆದರೆ ನಿನ್ನೆ ಮೊನ್ನೆ ಆಗಿರಬಾರದು. ಜಂತುಹುಳು, ಉಣುಗು ಜ್ವರ ಇಲ್ಲವೆಂದು ಖಚಿತವಾಗಬೇಕು. ಯಾವ ಔಷಧಿಯನ್ನೂ, ಅದರಲ್ಲೂ ಸ್ಟೀರಾಯ್ಡ್, ತೆಗೆದುಕೊಳ್ಳುತ್ತಿರಬಾರದು.

ಸೂಜಿ ತಾಗುವ ಮೊದಲೇ

ಇಷ್ಟೆಲ್ಲ ಜೋಪಾನ ಮಾಡಿದರೂ ಲೆಕ್ಕ ತಪ್ಪಬಹುದು. ಬಹಳ ಸಲ ತಪ್ಪುವುದು ಯಂತ್ರದಲ್ಲಲ್ಲ, ಯಂತ್ರ ಮುಟ್ಟುವ ಮೊದಲು. ರಕ್ತ ತೆಗೆಯುವುದು, ಇಡುವುದು, ಸಾಗಿಸುವುದು ಈ ಮೂರು ಹಂತಗಳಲ್ಲಿ.

ಮೊದಲನೆಯ ಶತ್ರು ಹೆದರಿಕೆ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋದಲ್ಲಿ ಕುಳಿತು, ಹಾರನ್ನುಗಳ ನಡುವೆ ನಡುಗುತ್ತ ಬಂದ ನಾಯಿಯನ್ನು ಇಳಿಸಿದೊಡನೆ ಮೇಜಿನ ಮೇಲೆ ಒತ್ತಿ ಹಿಡಿದರೆ, ಅದರ ಮೈಯಲ್ಲಿ ಅಡ್ರಿನಲಿನ್ ಚಿಮ್ಮುತ್ತದೆ. ರಕ್ತನಾಳದ ಗೋಡೆಗೆ ಅಂಟಿ ವಿಶ್ರಮಿಸುತ್ತಿದ್ದ ಬಿಳಿ ಕಣಗಳು ಹರಿವಿಗೆ ಬಂದು ಎಣಿಕೆ ಏರುತ್ತದೆ. ಒತ್ತಡ ಹಲವು ಗಂಟೆ ಮುಂದುವರಿದರೆ ಕಾರ್ಟಿಸಾಲ್ ತನ್ನ ಆಟ ತೋರುತ್ತದೆ: ನ್ಯೂಟ್ರೊಫಿಲ್ ಏರಿಕೆ, ಲಿಂಫೊಸೈಟ್ ಮತ್ತು ಇಯೊಸಿನೊಫಿಲ್ ಇಳಿಕೆ. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರಿ ರಾತ್ರಿಯೆಲ್ಲ ನಡುಗಿದ ನಾಯಿಯ ರಕ್ತವನ್ನು ಮರುಬೆಳಗ್ಗೆ ತೆಗೆದರೆ ಸಿಗುವುದು ರೋಗದ ಚಿತ್ರವಲ್ಲ, ಭಯದ ಚಿತ್ರ. ಸ್ವಲ್ಪ ಹೊತ್ತು ನೆಮ್ಮದಿಯಾಗಿ ಕೂರಿಸಿ, ಮನೆಯವರೇ ತಲೆ ನೇವರಿಸುತ್ತಿರುವಾಗ ರಕ್ತ ತೆಗೆಯುವುದು ಕರುಣೆಯಷ್ಟೇ ಅಲ್ಲ, ವಿಜ್ಞಾನವೂ ಹೌದು.

ಎರಡನೆಯದು ಹೊಟ್ಟೆ. ತುಪ್ಪದ ಅನ್ನ ತಿಂದು ಬಂದ ನಾಯಿಯ ರಕ್ತದ ತಿಳಿ ಹಾಲಿನಂತೆ ಬಿಳುಪಾಗಿ, ಬೆಳಕು ಹಾಯಿಸಿ ಮಾಡುವ ಪರೀಕ್ಷೆಗಳೆಲ್ಲ ಕೆಡುತ್ತವೆ. ಎಂಟರಿಂದ ಹನ್ನೆರಡು ಗಂಟೆ ಉಪವಾಸ ಒಳ್ಳೆಯದು, ನೀರು ಕೊಡಬಹುದು. ಎಳೆಯ ಮರಿಗಳಿಗೆ ಮಾತ್ರ ಇಷ್ಟು ದೀರ್ಘ ಉಪವಾಸ ಸಲ್ಲದು.

ರಕ್ತ ತೆಗೆಯುವುದು ಮುಂಗಾಲಿನ, ಹಿಂಗಾಲಿನ ಅಥವಾ ಕುತ್ತಿಗೆಯ ಅಭಿಧಮನಿಯಿಂದ. ಇಪ್ಪತ್ತು ಕಿಲೋ ನಾಯಿಯಿಂದ ಐದು ಮಿಲಿಲೀಟರ್ ತೆಗೆದರೆ ಅದರ ಒಟ್ಟು ರಕ್ತದ ನೂರಕ್ಕೆ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅದರಿಂದ ನಾಯಿಗೆ ನಿಶ್ಶಕ್ತಿಯೇನೂ ಬಾರದು. ಸೂಜಿ ತೀರಾ ಸಣ್ಣದಾಗಿ, ಸಿರಿಂಜನ್ನು ಜೋರಾಗಿ ಎಳೆದರೆ ಕೆಂಪು ಕಣಗಳು ಒಡೆಯುತ್ತವೆ. ಸೂಜಿ ಬಿಡಿಸದೆ ರಕ್ತವನ್ನು ಕೊಳವೆಯೊಳಕ್ಕೆ ರಭಸದಿಂದ ಚಿಮ್ಮಿಸಿದರೂ ಅದೇ ಗತಿ.

ಕೊಳವೆಯ ಮುಚ್ಚಳದ ಬಣ್ಣಕ್ಕೂ ಅರ್ಥವಿದೆ. ನೇರಳೆ ಮುಚ್ಚಳದಲ್ಲಿರುವ ಇ.ಡಿ.ಟಿ.ಎ. ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ಕಣಗಳ ಎಣಿಕೆಗೆ ಇದೇ ಸೂಕ್ತ. ಹಸಿರು ಮುಚ್ಚಳದ್ದು ಹೆಪಾರಿನ್. ಕಣಗಳನ್ನು ಜೀವಂತವಾಗಿಟ್ಟು ಅವುಗಳ ಕೆಲಸ ಪರೀಕ್ಷಿಸುವುದಕ್ಕೆ ಇದನ್ನು ಆರಿಸುತ್ತಾರೆ. ಕೊಳವೆಯ ಮೇಲಿನ ಗೆರೆಯವರೆಗೆ ರಕ್ತ ತುಂಬದೆ ಚೂರೇ ಹಾಕಿದರೆ, ಇ.ಡಿ.ಟಿ.ಎ. ಹೆಚ್ಚಾಗಿ ಕಣಗಳು ಕುಗ್ಗುತ್ತವೆ. ನೇರಳೆ ಕೊಳವೆಯ ರಕ್ತವನ್ನು ಕೆಂಪು ಮುಚ್ಚಳದ್ದಕ್ಕೆ ಸುರಿದರಂತೂ ಪೊಟ್ಯಾಸಿಯಂ ಸುಳ್ಳೇ ಏರಿ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ತುಂಬಿದ ಮೇಲೆ ಎಂಟು ಹತ್ತು ಬಾರಿ ಮೆಲ್ಲಗೆ ತಲೆಕೆಳಗು ಮಾಡಬೇಕು. ಕೆಮ್ಮಿನ ಔಷಧಿಯ ಬಾಟಲಿಯಂತೆ ಕುಲುಕಬಾರದು! ಅಲ್ಲಿಯೇ ಒಂದು ಗಾಜಿನ ಪಟ್ಟಿಗೆ ರಕ್ತ ಸವರಿ ಒಣಗಿಸಿಟ್ಟರೆ ಮುಂದೆ ಅನುಮಾನ ಬಂದಾಗ ಅದೇ ಸಾಕ್ಷಿ.

ಹೆಬ್ಬಾಳದ ದಾರಿ

ಗೋವಿಂದರಾಜನಗರದ ಒಂದು ಕ್ಲಿನಿಕ್ಕಿನಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ರಕ್ತ ಕಳಿಸಬೇಕಾಗಿದೆ ಎಂದುಕೊಳ್ಳಿ. 1958ರಲ್ಲಿ ಆರಂಭವಾದ ಈ ಕಾಲೇಜು ಈಗ ಬೀದರಿನಲ್ಲಿ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕಾರ್ಡ್ ರಸ್ತೆ ಹಿಡಿದು, ಯಶವಂತಪುರ ದಾಟಿ, ಮೇಖ್ರಿ ವೃತ್ತದ ಮೂಲಕ ಬಳ್ಳಾರಿ ರಸ್ತೆ ಸೇರಬೇಕು. ಏಪ್ರಿಲ್ ಮಧ್ಯಾಹ್ನ ಸ್ಕೂಟರಿನ ಡಿಕ್ಕಿಯಲ್ಲಿ ಕೊಳವೆ ಇಟ್ಟರೆ, ಸಿಗ್ನಲ್ಲುಗಳನ್ನು ದಾಟಿ ತಲುಪುವಷ್ಟರಲ್ಲಿ ಅದು ಬೆಂದಂತೆಯೇ.

ಹಾಗೆಂದು ಐಸಿನ ಮೇಲೆ ನೇರ ಇಡುವುದು ಇನ್ನೂ ದೊಡ್ಡ ತಪ್ಪು. ಹೆಪ್ಪುಗಟ್ಟುವ ಚಳಿಗೆ ಕಣಗಳು ಒಡೆದುಹೋಗುತ್ತವೆ. ಕೊಳವೆಯನ್ನು ಬಟ್ಟೆಯಲ್ಲೋ ಹತ್ತಿಯಲ್ಲೋ ಸುತ್ತಿ, ತಂಪು ಪೊಟ್ಟಣ ತಾಗದಂತೆ ಥರ್ಮೋಕೋಲ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಬರಿಯ ಕಣ ಎಣಿಕೆಗಾದರೆ ಫ್ರಿಜ್ಜಿನ ತಂಪು ಒಳ್ಳೆಯದು. ಜೀವಂತ ಲಿಂಫೊಸೈಟ್‌ಗಳ ಕೆಲಸ ನೋಡಬೇಕಾದರೆ ಕೋಣೆಯ ಹಿತವಾದ ಉಷ್ಣತೆಯೇ ಸಾಮಾನ್ಯವಾಗಿ ಮೇಲು. ಆದ್ದರಿಂದ ಕಳಿಸುವ ಮುನ್ನ ಪ್ರಯೋಗಾಲಯವನ್ನು ಕೇಳಿಕೊಳ್ಳುವುದು ಜಾಣತನ.

ಹೊತ್ತು ಕಳೆದಂತೆಲ್ಲ ರಕ್ತ ಬದಲಾಗುತ್ತದೆ. ಕೆಂಪು ಕಣಗಳು ಉಬ್ಬುತ್ತವೆ, ನ್ಯೂಟ್ರೊಫಿಲ್‌ಗಳಲ್ಲಿ ಗುಳ್ಳೆಗಳೇಳುತ್ತವೆ, ಸತ್ತ ಕಣಗಳು ಸಿಕ್ಕ ಸಿಕ್ಕ ಪ್ರತಿಕಾಯಗಳನ್ನೆಲ್ಲ ಮೈಗಂಟಿಸಿಕೊಂಡು ಇಲ್ಲದ ಬಿಲ್ಲೆ ತೋರಿಸುತ್ತವೆ. ಅದಕ್ಕೇ ಬಿಲ್ಲೆ ಪರೀಕ್ಷೆಯನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಮುಗಿಸಲು ನೋಡುತ್ತಾರೆ. ಸತ್ತ ಕಣಗಳನ್ನು ಹೊರಗಿಡಲು ಪ್ರತ್ಯೇಕ ಬಣ್ಣವನ್ನೂ ಹಾಕುತ್ತಾರೆ. ವರ್ಷಗಟ್ಟಲೆ ಕಾಪಾಡಬೇಕಾದ ಕಣಗಳನ್ನು ಬೇರ್ಪಡಿಸಿ, ರಕ್ಷಕ ದ್ರವ ಸೇರಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ.

ಉಣುಗು ಕಟ್ಟುವ ವೇಷ

ಇಷ್ಟೊಂದು ಶಿಸ್ತು ಯಾತಕ್ಕೆ? ಬೆಂಗಳೂರಿನ ನಾಯಿ ಸಾಕುವವರಿಗೆ ಪರಿಚಯವಿರುವ ‘ಟಿಕ್ ಫೀವರ್’ ಇದಕ್ಕೆ ಉತ್ತರ ಹೇಳುತ್ತದೆ. ಕಂದು ಉಣುಗು ಹರಡುವ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಒಂದು ಮುಖ್ಯ ಕಾರಣ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಮೊದಲು ಕಂಡ ಈ ಜೀವಿಯ ಕುಲಕ್ಕೆ ಬಳಿಕ ಪಾಲ್ ಎರ್ಲಿಕ್ ಅವರ ಹೆಸರನ್ನೇ ಇಡಲಾಯಿತು. ಇದು ಅಡಗಿ ಕೂರುವುದು ಮೊನೊಸೈಟ್‌ಗಳಲ್ಲಿ. ಪಹರೆಯವನ ಕೋಟಿನ ಜೇಬಿನಲ್ಲೇ ಕಳ್ಳ ಕುಳಿತ ಹಾಗೆ!

ರೋಗ ಹಳೆಯದಾದಾಗ ಕೆಲವು ನಾಯಿಗಳ ರಕ್ತದಲ್ಲಿ ಸಿ.ಡಿ.8 ಬಿಲ್ಲೆಯ ಸಂಹಾರಕ ಕಣಗಳು ವಿಪರೀತ ಹೆಚ್ಚುತ್ತವೆ. ಆ ಚಿತ್ರ ರಕ್ತದ ಕ್ಯಾನ್ಸರನ್ನೇ ಹೋಲುತ್ತದೆ. ಒಂದು ರೋಗಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯ ನಾಲ್ಕು ವಾರದ ಚಿಕಿತ್ಸೆಯಿದೆ. ಇನ್ನೊಂದು ಹೆಸರು ಕೇಳಿದರೆ ಮನೆಯವರು ಕೈಚೆಲ್ಲಿ ಕೂರುತ್ತಾರೆ. ಎರಡನ್ನೂ ಬೇರ್ಪಡಿಸಿ ಹೇಳಲು ಉಣುಗು ರೋಗದ ಪರೀಕ್ಷೆಯೂ ಬೇಕು, ಕಣಗಳ ಸರಿಯಾದ ಲೆಕ್ಕವೂ ಬೇಕು. ಇನ್ನು ಪ್ಲೇಟ್‌ಲೆಟ್ ಮಾತು. ಉಣುಗು ಜ್ವರದಲ್ಲಿ ಅವು ನಿಜವಾಗಿ ಕುಸಿಯುತ್ತವೆ. ರಕ್ತ ತೆಗೆಯುವಾಗ ತಡವರಿಸಿ ಅವು ಗುಂಪುಗಟ್ಟಿದರೂ ಯಂತ್ರ ಕಡಿಮೆಯೆಂದೇ ಎಣಿಸುತ್ತದೆ. ಆರೋಗ್ಯವಾಗಿರುವ ನಾಯಿ ಕಾಗದದ ಮೇಲೆ ರೋಗಿಯಾಗುವುದು ಹೀಗೆ. ಲಿಂಫೋಮಾ ಎಂಬ ಕ್ಯಾನ್ಸರಿನಲ್ಲೂ ಅದು ಬಿ ಕಣದ್ದೋ ಟಿ ಕಣದ್ದೋ ಎಂಬುದರ ಮೇಲೆ ಮುಂದಿನ ಭವಿಷ್ಯ ಬಹುಮಟ್ಟಿಗೆ ನಿಂತಿದೆ.

ನಮ್ಮ ನಾಯಿಗಳ ಲೆಕ್ಕ

ಪುಸ್ತಕಗಳಲ್ಲಿರುವ ‘ನಾರ್ಮಲ್’ ಸಂಖ್ಯೆಗಳು ಬಹುಪಾಲು ಹೊರದೇಶದ ನಾಯಿಗಳಿಂದ, ಅದರಲ್ಲೂ ಪ್ರಯೋಗಾಲಯದಲ್ಲಿ ಬೆಳೆದ ಬೀಗಲ್‌ನಂಥ ತಳಿಗಳಿಂದ ಬಂದವು. ತಳಿಯಿಂದ ತಳಿಗೆ ರಕ್ತ ಬೇರೆಯಾಗುತ್ತದೆ ಎನ್ನುವುದಕ್ಕೆ ಗ್ರೇಹೌಂಡ್ ಪ್ರಸಿದ್ಧ ಉದಾಹರಣೆ. ಓಟಕ್ಕೆಂದೇ ಹುಟ್ಟಿದ ಆ ನಾಯಿಯಲ್ಲಿ ಕೆಂಪು ಕಣಗಳ ಪಾಲು ಹೆಚ್ಚು, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳು ಕಡಿಮೆ. ಅದಕ್ಕೆ ಅದೇ ಆರೋಗ್ಯ!

ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿಯೂ ಅದೇ ಬಗೆಯ ಓಟಗಾರ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿಯ ಸಂರಕ್ಷಣೆಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಂಥ ನಾಯಿಯ ರಕ್ತವನ್ನು ಬೀಗಲ್‌ನ ಅಳತೆಗೋಲಿನಲ್ಲಿ ಅಳೆದು ‘ದೋಷವಿದೆ’ ಎನ್ನುವ ಮೊದಲು ಎರಡು ಬಾರಿ ಯೋಚಿಸಬೇಕು.

ಬೀದಿನಾಯಿಯದು ಮತ್ತೂ ದೊಡ್ಡ ಕಥೆ. 2023ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಗಣತಿಯಲ್ಲಿ ನಗರದ ಬೀದಿನಾಯಿಗಳ ಅಂದಾಜು ಸಂಖ್ಯೆ 2,79,335. ಕನಿಷ್ಠ ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಲಸಿಕೆ ಚುಚ್ಚುವುದು ಒಂದು ಮಾತು. ಅದು ನಾಯಿಯ ಮೈಯಲ್ಲಿ ಹಿಡಿಯುವುದು ಇನ್ನೊಂದು. ರಕ್ತದ ಒಂದು ಮಿಲಿಲೀಟರ್ ತಿಳಿಯಲ್ಲಿ 0.5 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಇದ್ದರೆ ಲಸಿಕೆಗೆ ಸಾಕಷ್ಟು ಪ್ರತಿಕ್ರಿಯೆ ಬಂದಿದೆ ಎನ್ನುತ್ತಾರೆ. ಆ ಪ್ರತಿಕಾಯವನ್ನು ತಯಾರಿಸುವುದು ಬಿ ಕಣ, ಅದಕ್ಕೆ ಬೆಂಬಲ ಕೊಡುವುದು ಸಹಾಯಕ ಟಿ ಕಣ. ಹಸಿವು, ಜಂತುಹುಳುಗಳಿಂದ ಸೊರಗಿದ ನಾಯಿಯಲ್ಲಿ ಈ ಪಡೆ ಕುಗ್ಗಿರಬಹುದು. ಹೆಬ್ಬಾಳದ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದದ್ದು ಎನ್ನುವುದು ಈ ನಗರದ ಭಾಗ್ಯ.

ಹೀಗೆ ನೋಡಿದರೆ ನಾಯಿಯ ರಕ್ತದ ಲೆಕ್ಕ ನಾಯಿಯದಷ್ಟೇ ಅಲ್ಲ. ಅದೇ ಬೀದಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳದೂ ಹೌದು, ನಸುಕಿನಲ್ಲಿ ಪೇಪರ್ ಹಾಕುವ ಹುಡುಗನದೂ ಹೌದು.

ಸಾಕಿದವರು ಇದಕ್ಕಾಗಿ ದೊಡ್ಡ ಯಂತ್ರ ಕೊಳ್ಳಬೇಕಿಲ್ಲ. ನಾಯಿ ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಆ ಕಾಗದವನ್ನು ಲಸಿಕೆ ಕಾರ್ಡಿನ ಜೊತೆ ಜೋಪಾನವಾಗಿಟ್ಟರೆ ಸಾಕು. ಮುಂದೆ ಕಾಯಿಲೆ ಬಿದ್ದ ದಿನ ವೈದ್ಯರ ಮುಂದೆ ಬೀಗಲ್‌ನ ಅಳತೆಯಿರುವುದಿಲ್ಲ, ಅದೇ ನಾಯಿಯ ಹಿಂದಿನ ಲೆಕ್ಕವಿರುತ್ತದೆ. ಅದಕ್ಕಿಂತ ಒಳ್ಳೆಯ ಅಳತೆಗೋಲು ಮತ್ತೊಂದಿಲ್ಲ. ಬಾಯಿ ಬಿಟ್ಟು ‘ಇಲ್ಲಿ ನೋವು’ ಎಂದು ಹೇಳಲಾರದ ಮೂಕಪ್ರಾಣಿಯ ಪರವಾಗಿ ಮಾತಾಡಬೇಕಾದದ್ದು ಆ ಐದು ಮಿಲಿಲೀಟರ್ ರಕ್ತ. ಅದನ್ನು ದಾರಿಯಲ್ಲಿ ಕೆಡದಂತೆ ತಲುಪಿಸುವುದಷ್ಟೇ ಮನುಷ್ಯರ ಪಾಲಿನ ಕಾವಲು.